ಕ್ರೀಚರನನ್ನು ಯಾರೂ ಕೇಳಲಿಲ್ಲ

ಆರನೇ ಹ್ಯಾರಿ ಪಾಟರ್ ನಮ್ಮ ಹಾಸ್ಟೆಲ್ ರೂಮಿಗೆ ಬಂದಿದ್ದು 2005ರ ಜುಲೈ 17, ಭಾನುವಾರ ರಾತ್ರಿ. ಹಿಂದಿನ ದಿನ ಬೆಳಗಿನ ಜಾವ ನಾಲ್ಕೂವರೆಗೆ, ಅಂದರೆ ಲಂಡನ್ನಿನಲ್ಲಿ ನಡುರಾತ್ರಿ ಆಗ್ತಿದ್ದ ಹಾಗೇ, ನಮ್ಮಲ್ಲೂ ಮಾರಾಟ ಶುರುವಾಗಿತ್ತು. ರೂಮ್‌ಮೇಟಿನ ಅಕ್ಕ ಬೆಂಗಳೂರಲ್ಲಿ ಕ್ಯೂ ನಿಂತು ಕೊಂಡು, ನಿದ್ದೆಗೆಟ್ಟು ಓದಿ ಮುಗಿಸಿ, ಮೈಸೂರು ಬಸ್ಸು ಹತ್ತುತ್ತಿದ್ದ ತಮ್ಮನ ಕೈಗೆ ಕೊಟ್ಟಿದ್ದಳು. "ರಟ್ಟು ಕಿತ್ತು ತಂದ್ರೆ ಮನೆಗೆ ಬರಬೇಡ" ಅಂತ ಹೇಳಿಯೇ ಕೊಟ್ಟಿದ್ದು.

ಐದು ಜನ, ಒಂದು ಪುಸ್ತಕ. ಪಾಳಿ ಹಾಕಿಕೊಂಡ್ವಿ. ನನ್ನದು ರಾತ್ರಿ ಹನ್ನೊಂದರಿಂದ ಮೂರು. ಗುರುವಾರದ ಹೊತ್ತಿಗೆ ಎಲ್ಲರದ್ದೂ ಮುಗಿದಿತ್ತು. ಮುಂದಿನ ವಾರ ಇಂಟರ್ನಲ್ಸ್ ಇತ್ತು, ಅದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಇದ್ದಿದ್ದು ಒಂದೇ ಪ್ರಶ್ನೆ: ಡಂಬಲ್‌ಡೋರ್ ನಿಜವಾಗ್ಲೂ ಸತ್ತನಾ?

ಏಳನೇ ಪುಸ್ತಕ ಬರೋದಕ್ಕೆ ಇನ್ನೂ ಎರಡು ವರ್ಷ ಇತ್ತು. ಆ ಎರಡು ವರ್ಷ ಪ್ರಪಂಚದಾದ್ಯಂತ ಹ್ಯಾರಿ ಪಾಟರ್ ಓದುಗರು ಮಾಡಿದ ಕೆಲಸವನ್ನ ಪೊಲೀಸಿನವರು ಮಾಡಿದ್ದರೆ ಒಂದು ಕೇಸೂ ಬಾಕಿ ಉಳೀತಿರಲಿಲ್ಲ.

ನನ್ನ ರೂಮ್‌ಮೇಟು ಫೀನಿಕ್ಸ್ ಪಾರ್ಟಿ. ಅವನ ವಾದ ಹೀಗೆ: ಡಂಬಲ್‌ಡೋರ್ ಸಾಕಿದ್ದ ಹಕ್ಕಿ ಫಾಕ್ಸ್ ಒಂದು ಫೀನಿಕ್ಸ್. ಫೀನಿಕ್ಸ್ ಸುಟ್ಟು ಬೂದಿಯಾಗಿ ಬೂದಿಯಿಂದಲೇ ಮರಿಯಾಗಿ ಏಳುತ್ತೆ, ಅದನ್ನ ಎರಡನೇ ಪುಸ್ತಕದಲ್ಲೇ ತೋರಿಸಿದ್ದಾರೆ. ಡಂಬಲ್‌ಡೋರನ ಅಂತ್ಯಕ್ರಿಯೆಯಲ್ಲಿ ಅವನ ದೇಹದ ಸುತ್ತ ಬಿಳಿ ಜ್ವಾಲೆ ಏಳುತ್ತೆ, ಆ ಹೊಗೆಯಲ್ಲಿ ಒಂದು ಫೀನಿಕ್ಸ್ ಹಾರಿಹೋದ ಹಾಗೆ ಹ್ಯಾರಿಗೆ ಒಂದು ಕ್ಷಣ ಕಾಣುತ್ತೆ. "ಸುಮ್ನೆ ಯಾಕೆ ಬರೀತಾಳೆ ಅವಳು? ಮುದುಕ ವಾಪಸ್ ಬರ್ತಾನೆ ನೋಡು." ಅವನೊಬ್ಬನೇ ಅಲ್ಲ, ಸಾವಿರಾರು ಜನ ಇದನ್ನೇ ನಂಬಿದ್ದರು. ಕೊನೆಗೆ 2006ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ನಡೆದ ಓದಿನ ಕಾರ್ಯಕ್ರಮದಲ್ಲಿ ರೌಲಿಂಗ್ ಬಾಯಿಬಿಟ್ಟು ಹೇಳಬೇಕಾಯ್ತು, ಡಂಬಲ್‌ಡೋರ್ ಖಂಡಿತ ಸತ್ತಿದ್ದಾನೆ ಅಂತ. ಪ್ರಶ್ನೆ ಕೇಳಿದ್ದು ಯಾರು ಗೊತ್ತಾ? ಮಗನ ಜೊತೆ ಬಂದಿದ್ದ ಸಲ್ಮಾನ್ ರಶ್ದಿ. ಅಂಥ ರಶ್ದಿಗೇ ಸ್ನೇಪ್ ಒಳ್ಳೆಯವನಾ ಕೆಟ್ಟವನಾ ಅಂತ ನಿದ್ದೆ ಬರ್ತಿರಲಿಲ್ಲ ಅಂದಮೇಲೆ ನಮ್ಮ ಗತಿ ಏನು?

ಸುದ್ದಿ ಓದಿದ ದಿನ ರೂಮ್‌ಮೇಟು ರಾತ್ರಿ ಊಟಕ್ಕೆ ಬರಲಿಲ್ಲ. ತಮಾಷೆ ಮಾಡಿದ್ವಿ. ಈಗ ಮಾಡ್ತಿರಲಿಲ್ಲ.

ನನ್ನನ್ನ ಹಿಡಿದಿದ್ದು ಬೇರೆ ಸಾವು. ಆರನೇ ಪುಸ್ತಕದ ಕೊನೆಗೆ ಹ್ಯಾರಿಗೆ ಒಂದು ಲಾಕೆಟ್ ಸಿಗುತ್ತೆ. ವೋಲ್ಡೆಮಾರ್ಟ್ ತನ್ನ ಆತ್ಮದ ಒಂದು ತುಂಡನ್ನ ಬಚ್ಚಿಟ್ಟಿದ್ದ ಲಾಕೆಟ್ ಅದು ಅಂದುಕೊಂಡು, ಅದಕ್ಕೋಸ್ಕರ ಡಂಬಲ್‌ಡೋರ್ ಅರೆಜೀವ ಆಗಿದ್ದಾನೆ. ತೆಗೆದು ನೋಡಿದರೆ ನಕಲಿ. ಒಳಗೊಂದು ಚೀಟಿ. ಅಸಲಿಯನ್ನ ನಾನು ಕದ್ದಿದ್ದೀನಿ, ನೀನು ಇದನ್ನ ಓದೋ ಹೊತ್ತಿಗೆ ನಾನು ಸತ್ತಿರ್ತೀನಿ ಅನ್ನೋ ಅರ್ಥದ ನಾಲ್ಕು ಸಾಲು. ಕೆಳಗೆ ಸಹಿ: ಆರ್.ಎ.ಬಿ.

ಯಾರಿವನು?

ಹೆಸರು ಹಿಡಿಯೋದು ಕಷ್ಟ ಆಗಲಿಲ್ಲ. ಐದನೇ ಪುಸ್ತಕದಲ್ಲಿ ಸಿರಿಯಸ್ ಬ್ಲ್ಯಾಕ್ ತನ್ನ ಹಾಳು ಮನೆಯ ಗೋಡೆ ಮೇಲಿರೋ ವಂಶವೃಕ್ಷ ತೋರಿಸ್ತಾ ತಮ್ಮನ ಬಗ್ಗೆ ಹೇಳ್ತಾನೆ. ರೆಗ್ಯುಲಸ್. ವೋಲ್ಡೆಮಾರ್ಟ್ ಗುಂಪು ಸೇರಿದ, ಆಮೇಲೆ ಹೆದರಿ ವಾಪಸ್ ಬರೋಕೆ ನೋಡಿದ, ಅವರೇ ಕೊಂದರು, ಪೆದ್ದ. ಅಷ್ಟೇ. ಹತ್ತಿರದಲ್ಲೇ ಇನ್ನೊಂದು ಸಾಲಿದೆ: ಮನೆ ಗುಡಿಸುವಾಗ ಒಂದು ಭಾರದ ಲಾಕೆಟ್ ಸಿಗುತ್ತೆ, ಯಾರಿಂದಲೂ ಅದನ್ನ ತೆರೆಯೋಕೆ ಆಗಲ್ಲ. 2003ರಲ್ಲಿ ಅಚ್ಚಾದ ಸಾಲು. ಓದಿದವರೆಲ್ಲ ಹಾಗೇ ದಾಟಿಕೊಂಡು ಹೋಗಿದ್ದರು.

ಆರನೇ ಪುಸ್ತಕ ಬಂದ ಬೆನ್ನಿಗೇ ಇಬ್ಬರು ಅಭಿಮಾನಿಗಳು ರೌಲಿಂಗ್‌ಗೆ ನೇರವಾಗಿ ಇದನ್ನ ಕೇಳಿದರು, ಒಳ್ಳೆ ಊಹೆ ಅನ್ನೋ ಥರ ಹೇಳಿ ಆಕೆ ಜಾರಿಕೊಂಡಳು. ಆದರೆ ಗುಟ್ಟು ರಟ್ಟು ಮಾಡಿದ್ದು ಅನುವಾದಗಳು. ಡಚ್ ಭಾಷೆಯಲ್ಲಿ ಬ್ಲ್ಯಾಕ್ ಮನೆತನದ ಹೆಸರು 'ಜ್ವಾರ್ಟ್ಸ್' ಅಂತ ಆಗಿತ್ತು, ನಾರ್ವೇಜಿಯನ್ನಿನಲ್ಲಿ 'ಸ್ವಾರ್ಟ್'. ಎರಡರ ಮೂಲದಲ್ಲೂ ಇರೋದು ಕಪ್ಪು. ಆ ಅನುವಾದಗಳಲ್ಲಿ ಚೀಟಿಯ ಸಹಿ ನೋಡಿದರೆ ಒಂದರಲ್ಲಿ ಆರ್.ಎ.ಝಡ್., ಇನ್ನೊಂದರಲ್ಲಿ ಆರ್.ಎ.ಎಸ್.! ಮುಗೀತು. ಕನ್ನಡದಲ್ಲಿ ಯಾರಾದರೂ ಮಾಡಿದ್ದರೆ 'ರೆಗ್ಯುಲಸ್ ಕರಿಯಪ್ಪ' ಆಗಿ ಮೊದಲನೇ ದಿನವೇ ಸಿಕ್ಕಿಬೀಳ್ತಿದ್ದ.

ಯಾರು ಅಂತ ಗೊತ್ತಾಯ್ತು. ಹೇಗೆ ಸತ್ತ? ಮಜಾ ಇದ್ದಿದ್ದು ಅಲ್ಲಿ. ಕೆಲವರು ಸತ್ತೇ ಇಲ್ಲ, ವೇಷ ಬದಲಿಸಿಕೊಂಡು ಎಲ್ಲೋ ಇದ್ದಾನೆ ಅಂದರು. ಉಳಿದವರು ಗುಹೆಯ ಲೆಕ್ಕಾಚಾರಕ್ಕೆ ಇಳಿದರು. ನಾನೂ ಇಳಿದೆ.

ಗುಹೆ ಒಳಗೊಂದು ಕಪ್ಪು ಸರೋವರ. ನಡುವೆ ಒಂದು ದ್ವೀಪ. ಅಲ್ಲೊಂದು ಕಲ್ಲಿನ ಬೋಗುಣಿ, ಅದರ ತುಂಬ ವಿಷದಂಥ ಕಷಾಯ. ಅದನ್ನ ಪೂರ್ತಿ ಕುಡಿದು ಖಾಲಿ ಮಾಡಿದರೆ ಮಾತ್ರ ತಳದ ಲಾಕೆಟ್ ಕೈಗೆ ಸಿಗೋದು. ಕುಡಿದವನಿಗೆ ಹುಚ್ಚು ಹಿಡಿಯುವಷ್ಟು ಸಂಕಟ, ಬಾಯಾರಿಕೆ. ನೀರು ಬೇಕಂದರೆ ಸರೋವರದ್ದೇ ಗತಿ. ಮುಟ್ಟಿದರೆ ಇನ್ಫೆರಿಗಳು ಏಳುತ್ತವೆ. ಇನ್ಫೆರಿ ಅಂದರೆ ದೆವ್ವ ಅಲ್ಲ. ಮಂತ್ರ ಹಾಕಿ ಕುಣಿಸೋ ಹೆಣಗಳು. ಕುಡಿಯುವವನಿಗೆ ನಡುವೆ ಬಲವಂತ ಮಾಡಿ ಕುಡಿಸೋಕೆ ಇನ್ನೊಬ್ಬರು ಬೇಕೇ ಬೇಕು. ಆದರೆ ಅಲ್ಲಿರೋ ದೋಣಿ ಒಬ್ಬ ಮಾಂತ್ರಿಕನನ್ನ ಮಾತ್ರ ಹೊರುತ್ತೆ. ಡಂಬಲ್‌ಡೋರ್ ಜೊತೆ ಹ್ಯಾರಿ ಹೋಗೋಕೆ ಆಗಿದ್ದು ಅವನಿನ್ನೂ ಪ್ರಾಯಕ್ಕೆ ಬಂದಿಲ್ಲ, ಹಾಗಾಗಿ ದೋಣಿ ಅವನನ್ನ ಲೆಕ್ಕಕ್ಕೇ ಹಿಡಿಯಲ್ಲ ಅಂತ.

ಲೆಕ್ಕಕ್ಕೆ ಹಿಡಿಯಲ್ಲ. ಈ ಮಾತಿಗೆ ನಾನು ಸಿಕ್ಕಿಹಾಕಿಕೊಂಡೆ. ರೆಗ್ಯುಲಸ್ ಮನೆಯಲ್ಲಿ ಯಾರ ಲೆಕ್ಕದಲ್ಲೂ ಇಲ್ಲದೋರು ಯಾರು?

ಕ್ರೀಚರ್. ಬ್ಲ್ಯಾಕ್ ಮನೆಯ ಹೌಸ್ ಎಲ್ಫ್. ಸಂಬಳವಿಲ್ಲದೆ ತಲೆತಲಾಂತರದಿಂದ ಒಂದೇ ಮನೆಗೆ ದುಡಿಯೋ ಪುಟ್ಟ ಜೀವಿ. ಅಡುಗೆಮನೆ ಪಕ್ಕ ಬಾಯ್ಲರ್ ಇರೋ ಗೂಡಿನಲ್ಲಿ ಮಲಗ್ತಾನೆ, ಮೈಮೇಲೆ ಕೊಳಕು ಚಿಂದಿ, ಸದಾ ಗೊಣಗಾಟ. ಸಿರಿಯಸ್ ಕಸಕ್ಕೆ ಎಸೆದಿದ್ದನ್ನೆಲ್ಲ ಕದ್ದು ತನ್ನ ಗೂಡಿಗೆ ಸೇರಿಸ್ತಾನೆ. ಅಂದಮೇಲೆ ಲಾಕೆಟ್? ಆರನೇ ಪುಸ್ತಕದಲ್ಲೇ ಇನ್ನೊಂದು ಸುಳಿವಿದೆ: ಮಾಂತ್ರಿಕರು ಮಾಯವಾಗಿ ಪ್ರತ್ಯಕ್ಷ ಆಗೋಕೆ ಸಾಧ್ಯವೇ ಇಲ್ಲದ ಹಾಗ್ವಾರ್ಟ್ಸ್ ಒಳಕ್ಕೆ, ಹ್ಯಾರಿ ಕರೆದ ತಕ್ಷಣ ಕ್ರೀಚರ್ ಟಪ್ ಅಂತ ಬಂದು ನಿಲ್ತಾನೆ. ಅಂಥವನಿಗೆ ಗುಹೆಯೊಂದು ಲೆಕ್ಕವಾ?

ರಾತ್ರಿ ಎರಡು ಗಂಟೆಗೆ ರೂಮ್‌ಮೇಟನ್ನ ಎಬ್ಬಿಸಿ ಇದನ್ನೆಲ್ಲ ಹೇಳಿದೆ. "ಹೋಗಲೋ, ಕೆಲಸದವನು ಅವನು" ಅಂತ ಮಗ್ಗುಲು ಬದಲಿಸಿದ. ನಾನೇ ಮೊದಲು ಕಂಡುಹಿಡಿದಿದ್ದು ಅಂತ ಒಂದು ವಾರ ಬೀಗಿದೆ. ಆಮೇಲೆ ನೋಡಿದರೆ ಊರೂರಲ್ಲೂ ಜನ ಇದನ್ನೇ ಹೇಳ್ತಿದ್ದರು, ನನಗಿಂತ ಚೆನ್ನಾಗಿ.

2007ರ ಜುಲೈ 21ಕ್ಕೆ ಏಳನೇ ಪುಸ್ತಕ ಬಂತು. ಹತ್ತನೇ ಅಧ್ಯಾಯ. ಹ್ಯಾರಿ ಕ್ರೀಚರನನ್ನ ಕೂರಿಸಿ ಕೇಳ್ತಾನೆ, ಕ್ರೀಚರ್ ಮುದುರಿ ಕೂತು, ಹಿಂದೆ ಮುಂದೆ ತೂಗ್ತಾ ಹೇಳ್ತಾನೆ. ವೋಲ್ಡೆಮಾರ್ಟ್‌ಗೆ ಒಂದು ಎಲ್ಫ್ ಬೇಕಾಗಿತ್ತು. ರೆಗ್ಯುಲಸ್ ಹೆಮ್ಮೆಯಿಂದ ಇವನನ್ನ ಕಳಿಸಿದ, ಕೆಲಸ ಮುಗಿದಮೇಲೆ ಮನೆಗೆ ಬಾ ಅಂತ ಹೇಳಿ. ವೋಲ್ಡೆಮಾರ್ಟ್ ಗುಹೆಯಲ್ಲಿ ಇವನಿಗೆ ಕಷಾಯ ಕುಡಿಸಿ, ಕೆಲಸ ಮಾಡುತ್ತಾ ಅಂತ ನೋಡಿ, ಸಾಯಲಿ ಅಂತ ಬಿಟ್ಟು ಹೋದ. ಹೆಣಗಳು ನೀರಿಗೆ ಎಳೆದವು. ಆದರೆ ಮನೆಗೆ ಬಾ ಅಂತ ಅಪ್ಪಣೆ ಇತ್ತಲ್ಲ, ಬಂದ. ಎಲ್ಫ್‌ಗಳಿಗೂ ಒಂದು ವಿದ್ಯೆ ಇರಬಹುದು, ಅದು ತನಗೆ ಬಾರದ್ದಾಗಿರಬಹುದು ಅನ್ನೋದು ವೋಲ್ಡೆಮಾರ್ಟ್ ತಲೆಗೆ ಹೊಳೆದೇ ಇರಲಿಲ್ಲ. ಸ್ವಲ್ಪ ದಿನ ಆದಮೇಲೆ ರೆಗ್ಯುಲಸ್ ತಾನೇ ಅವನನ್ನ ಕರೆದುಕೊಂಡು ಆ ಗುಹೆಗೆ ಹೋದ. ಈ ಸಲ ಕ್ರೀಚರನಿಗೆ ಕುಡಿಸಲಿಲ್ಲ. ತಾನೇ ಕುಡಿದ. ಲಾಕೆಟ್ ಬದಲಿಸು, ನನ್ನನ್ನ ಇಲ್ಲೇ ಬಿಟ್ಟು ಹೋಗು, ಅಸಲಿಯನ್ನ ನಾಶ ಮಾಡು, ಮನೆಯವರಿಗೆ ಏನೂ ಹೇಳಬೇಡ ಅಂದ. ಇವನ ಕಣ್ಣೆದುರೇ ಹೆಣಗಳು ಅವನನ್ನ ನೀರಿಗೆ ಎಳಕೊಂಡವು.

ಹೆದರಿ ಓಡಿದವನು ಅಂತ ಅಣ್ಣ ಅಂದುಕೊಂಡಿದ್ದ ಹುಡುಗ ಸತ್ತಿದ್ದು ಹೀಗೆ. ಅಣ್ಣನಿಗೆ ಗೊತ್ತಾಗಲೇ ಇಲ್ಲ. ಸಿರಿಯಸ್ ಐದನೇ ಪುಸ್ತಕದಲ್ಲೇ ಸತ್ತ, ಅದಕ್ಕೂ ಒಂದು ಕಾರಣ ಕ್ರೀಚರನೇ. ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ ಯಜಮಾನನ ಗುಟ್ಟನ್ನ ಶತ್ರುಗಳಿಗೆ ತಲುಪಿಸಿದ. ಒಂದೇ ಮನೆ, ಒಂದು ವರ್ಷ, ಇಬ್ಬರೂ ಅದೇ ಹುಡುಗನನ್ನ ಕಳಕೊಂಡವರು. ಒಂದು ಮಾತಾಡಲಿಲ್ಲ.

"ಸಿರಿಯಸ್ ಕೇಳಿದ್ರೂ ಅವನು ಹೇಳೋ ಹಾಗಿರಲಿಲ್ಲ, ಮನೆಯವರಿಗೆ ಹೇಳಬಾರದು ಅಂತ ಅಪ್ಪಣೆ ಇತ್ತಲ್ಲ" ಅಂದ ರೂಮ್‌ಮೇಟು. ಸರಿಯಾದ ಮಾತೇ. ಆದರೆ ಸಿರಿಯಸ್ ಕೇಳಲಿಲ್ಲ ಅನ್ನೋದು ಅದರಿಂದ ಬದಲಾಗಲ್ಲ.

ನಾನು ಡಂಬಲ್‌ಡೋರನನ್ನ ಬಿಟ್ಟು ರೆಗ್ಯುಲಸ್ ಹಿಂದೆ ಬಿದ್ದಿದ್ದಕ್ಕೆ ಕಾರಣ ಹೇಳ್ತೀನಿ. ತಮ್ಮನ ಬಗ್ಗೆ ಸಿರಿಯಸ್ ಹೇಳೋ ಆ ಎರಡು ಮಾತಿನ ಧಾಟಿ ನನಗೆ ಪರಿಚಯದ್ದು. ನಮ್ಮಪ್ಪನೂ ತಮ್ಮನ ಬಗ್ಗೆ ಹಾಗೇ ಹೇಳೋದು. ಎರಡೇ ಮಾತು. "ಜಗಳ ಆಡ್ಕೊಂಡು ಹೋದ. ಹೋಗಿ ಸತ್ತ."

ನಮ್ಮೂರು ಅರಸೀಕೆರೆ ಕಡೆ. 1990ರಲ್ಲಿ ಚಿಕ್ಕಪ್ಪ ಸತ್ತಾಗ ನನಗೆ ಐದು ವರ್ಷ. ಮನೆಯಲ್ಲಿ ಕೇಳಿಕೊಂಡು ಬೆಳೆದ ಕಥೆ ಇಷ್ಟು: ರಾತ್ರಿ ಊಟಕ್ಕೆ ಕೂತಾಗ ತೋಟ ಭಾಗ ಮಾಡೋ ವಿಷಯಕ್ಕೆ ಅಣ್ಣತಮ್ಮಂದಿರಿಗೆ ಮಾತಿಗೆ ಮಾತು ಬೆಳೀತು. ಅಪ್ಪ ಏನೋ ಅಂದರು. ಏನಂದರು ಅಂತ ಇವತ್ತಿಗೂ ಯಾರೂ ಹೇಳಲ್ಲ. ಚಿಕ್ಕಪ್ಪ ತಟ್ಟೆ ಬಿಟ್ಟು ಎದ್ದು ಹೋದ. ಸ್ವಲ್ಪ ಹೊತ್ತಿಗೆ ಲೂನಾ ಶಬ್ದ ಕೇಳಿಸಿತು. ಬೆಳಗಿನ ಜಾವ ಸುದ್ದಿ ಬಂತು, ರಸ್ತೆ ಪಕ್ಕ ಕೆಟ್ಟು ನಿಂತಿದ್ದ ಲಾರಿಗೆ ಗುದ್ದಿದ್ದಾನೆ ಅಂತ. ಮೈಮೇಲೆ ಲುಂಗಿ, ಬನಿಯನ್ನು, ಅಷ್ಟೇ. "ಅಂಗಿ ಹಾಕ್ಕೊಳ್ಳೋಕೂ ನಿಲ್ಲಲಿಲ್ಲ, ಅಷ್ಟು ಸಿಟ್ಟು" ಅಂತ ಅತ್ತೆ ಪ್ರತಿ ಸಲ ಹೇಳಿ ಕಣ್ಣೊರೆಸಿಕೊಳ್ಳೋರು. ಆಮೇಲೆ ಅಪ್ಪ ಊಟದ ಹೊತ್ತಿನಲ್ಲಿ ಮಾತಾಡಿದ್ದು ನಾನು ನೋಡಿಲ್ಲ. ಚಿಕ್ಕಪ್ಪನ ಪಾಲಿಗೆ ಬರಬೇಕಿದ್ದ ತೆಂಗಿನ ಸಾಲಿನ ಕಾಯಿಯನ್ನ ಇವತ್ತಿಗೂ ಬೇರೆ ರಾಶಿ ಹಾಕಿಸ್ತಾರೆ. ಆ ದುಡ್ಡು ಯಾವುದಕ್ಕೂ ಖರ್ಚಾಗಲ್ಲ.

ಏಳನೇ ಪುಸ್ತಕ ಓದಿದ ಪ್ರಭಾವದಿಂದ ನಾನು ಊರಿಗೆ ಹೋಗಿ ತನಿಖೆ ಮಾಡಿದೆ ಅಂತ ಬರೆದರೆ ಚೆನ್ನಾಗಿರುತ್ತೆ, ಆದರೆ ಸುಳ್ಳು. ಆ ವರ್ಷ ಗಣೇಶನ ಹಬ್ಬಕ್ಕೆ ಹೋಗಿದ್ದಾಗ ನನ್ನ ಮೊಬೈಲಿಗೆ ಸಿಗ್ನಲ್ ಸಿಗ್ತಿದ್ದಿದ್ದು ಕೊಟ್ಟಿಗೆ ಹತ್ತಿರ ಮಾತ್ರ. ಅಲ್ಲಿ ಕೊಟ್ಟಿಗೆ ಅಜ್ಜಿ ಇದ್ದಳು. ನಮ್ಮನೆಯ ದನಕರು ನೋಡಿಕೊಂಡು, ಸಗಣಿ ಬಾಚಿ, ಹಾಲು ಕರೆದು, ನಮ್ಮಜ್ಜನ ಕಾಲದಿಂದ ಇದ್ದವಳು. ಮಕ್ಕಳೆಲ್ಲ ಅವಳನ್ನ ಕೊಟ್ಟಿಗೆ ಅಜ್ಜಿ ಅಂತಲೇ ಕರೀತಿದ್ವಿ. ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳು ಕರೆದ ಹಾಲು ಕುಡಿದಿದ್ದೆ.

ಸಿಗ್ನಲ್ ಬರಲಿ ಅಂತ ಕಾಯ್ತಾ, ಮಾತಿಗೆ ಅಂತ ಕೇಳಿದೆ. "ಅಜ್ಜಿ, ಚಿಕ್ಕಪ್ಪ ಹೋದ್ ದಿನ ನೀನು ಇಲ್ಲೇ ಇದ್ಯಾ?"

ಅವಳು ಹುಲ್ಲು ಹಾಕೋದನ್ನ ನಿಲ್ಲಿಸಲಿಲ್ಲ. "ಇಲ್ಲೇ ಇದ್ನಲ್ಲಪ್ಪ. ಹಸ ಈಯೋಕಾಗ್ದೆ ಒದ್ದಾಡ್ತಿತ್ತು."

ಆಮೇಲೆ ಒಂದೊಂದೇ ಬಂತು. ಊಟ ಬಿಟ್ಟು ಎದ್ದ ಚಿಕ್ಕಪ್ಪ ಕೊಟ್ಟಿಗೆಗೆ ಬಂದು ಕೂತಿದ್ದ. ಸಿಟ್ಟು ಬಂದಾಗ ಅವನು ಬರ್ತಿದ್ದುದೇ ಅಲ್ಲಿಗಂತೆ. ಕರುವಿನ ಕಾಲು ಒಂದು ಮಾತ್ರ ಹೊರಗೆ ಬಂದಿತ್ತು. ಇವಳು "ನನ್ ಕೈಲಾಗಲ್ಲ ಚಿಕ್ಕೆಜ್ಮಾನ್ರೆ, ದನಿನ್ ಡಾಕ್ಟ್ರೇ ಬರ್ಬೇಕು" ಅಂದಳು. ಅಂಗಿ ಬಿಚ್ಚಿಟ್ಟು ಹಸು ಹಿಡಕೊಂಡಿದ್ದವನು ಹಾಗೇ ಎದ್ದು ಲೂನಾ ತಗೊಂಡು ಹೋದ. ಅವನು ಹೋಗಿ ಅರ್ಧ ಗಂಟೆಗೆ ಕರು ತಾನಾಗೇ ತಿರುಗಿ ಬಂತು.

"ಯಾರಿಗೂ ಯಾಕಜ್ಜಿ ಹೇಳಲಿಲ್ಲ?"

"ಯಾರು ಕೇಳುದ್ರು ಮಗ? ನಾನ್ ಕಳ್ಸಿ ಸಾಯಿಸ್ದೆ ಅಂತಿದ್ರು."

ಬನಿಯನ್ನು. ಹದಿನೇಳು ವರ್ಷ ಎಲ್ಲರೂ ಅದನ್ನೇ ಹೇಳಿಕೊಂಡು ಬಂದಿದ್ದರು, ಎಲ್ಲರೂ ಅದನ್ನ ಒಂದೇ ಥರ ಓದಿದ್ದರು. ಮನೆ ಬಿಟ್ಟು ಹೋಗುವವನು ಬನಿಯನ್ನಿನಲ್ಲಿ ಹೋಗ್ತಾನಾ? ಲುಂಗಿಯಲ್ಲಿ? ಹೋಗೋದಾದರೂ ಎಲ್ಲಿಗೆ? ಹತ್ತನೇ ಅಧ್ಯಾಯ ನೆನಪಾಗಿದ್ದು ಆಗ. ತೆರೆಯೋಕೆ ಆಗದ ಲಾಕೆಟ್ ಎಲ್ಲರ ಕೈಯಲ್ಲೂ ಆಡಿತ್ತು.

ಈ ಹೋಲಿಕೆ ನನಗೇ ಅಷ್ಟು ಸರಿ ಕಾಣಲ್ಲ ಅನ್ನೋದನ್ನೂ ಹೇಳಿಬಿಡಬೇಕು. ಬದುಕಿಬಾಳಿದ ಹೆಂಗಸನ್ನ ಉದ್ದ ಕಿವಿಯ ಕಾಲ್ಪನಿಕ ಜೀತದಾಳಿಗೆ ಹೋಲಿಸೋದು ಅಂದರೆ ಏನು? ಅಜ್ಜಿ ಯಾರ ಅಪ್ಪಣೆಗೂ ಕಟ್ಟುಬಿದ್ದು ಸುಮ್ಮನಿರಲಿಲ್ಲ. ಹೊಟ್ಟೆಪಾಡು ನೋಡಿಕೊಂಡು ಸುಮ್ಮನಿದ್ದಳು. ಕ್ರೀಚರನ ಸ್ವಾಮಿನಿಷ್ಠೆ ಓದಿ ಕಣ್ಣೀರು ಹಾಕೋದು ಸುಲಭ. ರೌಲಿಂಗ್‌ಗೂ ಇದು ಕೊನೆತನಕ ಬಗೆಹರಿದಂತೆ ಕಾಣಲ್ಲ. ಯುದ್ಧ ಎಲ್ಲ ಮುಗಿದಮೇಲೆ, ಮುಖ್ಯ ಕಥೆಯ ಕೊನೇ ಪುಟದಲ್ಲಿ ಹ್ಯಾರಿ ಮಂಚದ ಬಗ್ಗೆ ಯೋಚಿಸ್ತಾ, ಕ್ರೀಚರ್ ಅಲ್ಲಿಗೇ ಒಂದು ಸ್ಯಾಂಡ್‌ವಿಚ್ ತಂದುಕೊಡ್ತಾನೇನೋ ಅಂದುಕೊಳ್ತಾನೆ. ಕಥೆ ಕೇಳಿದ್ದಾಯ್ತು, ಲಾಕೆಟ್ ಸಿಕ್ಕಿದ್ದಾಯ್ತು, ಈಗ ಸ್ಯಾಂಡ್‌ವಿಚ್. ಆ ಪುಟ ಓದಿ ಸಿಟ್ಟಾದವರು ನಾನೊಬ್ಬನೇ ಅಲ್ಲ.

ಸಿನಿಮಾದವರು ಇನ್ನೂ ಒಂದು ಹೆಜ್ಜೆ ಮುಂದೆ. 2007ರ ಐದನೇ ಸಿನಿಮಾದ ಚಿತ್ರಕಥೆಯಿಂದ ಕ್ರೀಚರನನ್ನೇ ಕೈಬಿಟ್ಟಿದ್ದರಂತೆ. ಏಳನೇ ಪುಸ್ತಕ ಆಗ ಹೊರಗೆ ಬಂದಿರಲಿಲ್ಲ. ಇವನನ್ನ ತೆಗೆದರೆ ಮುಂದೆ ನೀವೇ ಒದ್ದಾಡ್ತೀರಿ ಅಂತ ರೌಲಿಂಗ್ ಹೇಳಿದಮೇಲೆ ಉಳಿಸಿಕೊಂಡರು. ಉಳಿಸಿಕೊಂಡು ಏನು ಮಾಡಿದರು? 2010ರ ಸಿನಿಮಾದಲ್ಲಿ ಗುಹೆಯ ಕಥೆ ಹೇಳೋಕೆ ಅವನಿಗೆ ಬಾಯೇ ಕೊಡಲಿಲ್ಲ. ಮೊನ್ನೆ ಟೀವಿಯಲ್ಲಿ ಆ ಸಿನಿಮಾ ಬರ್ತಿತ್ತು, ನೋಡಿದಮೇಲೆ ಇದನ್ನ ಬರೆಯೋಣ ಅನ್ನಿಸಿತು.

ರೂಮ್‌ಮೇಟಿನ ಫೀನಿಕ್ಸು, ನನ್ನ ಎಲ್ಫು. ಎರಡೂ ಒಂದೇ ಥರದ ಥಿಯರಿ ಅಂತ ಆಗ ಅನ್ನಿಸಿತ್ತು, ಒಂದು ಗೆದ್ದಿತು, ಒಂದು ಸೋತಿತು ಅಷ್ಟೇ ಅಂತ. ಈಗ ಹಾಗನ್ನಿಸಲ್ಲ. ಅವನಿಗೆ ಹಕ್ಕಿ ಬೇಕಾಗಿದ್ದು ಸಾವು ಆಗೇ ಇಲ್ಲ ಅಂತ ಹೇಳೋಕೆ. ಎಲ್ಫ್ ಥಿಯರಿಯಲ್ಲಿ ಸತ್ತವನು ಸತ್ತೇ ಇರ್ತಾನೆ. ಹೇಗೆ ಸತ್ತ ಅನ್ನೋದು ಮಾತ್ರ ಬದಲಾಗುತ್ತೆ.

ಅದು ಬದಲಾದರೆ ಒಳ್ಳೇದಾ? ಇದನ್ನ ಅಪ್ಪನಿಗೆ ಹೇಳೋಕೆ ನನಗೆ ಮೂರು ದಿನ ಬೇಕಾಯ್ತು. ಮೊದಲು ಅತ್ತೆಗೆ ಹೇಳಿ ನೋಡಿದೆ. "ಅಯ್ಯೋ, ಅದಕ್ಕೆ ವಯಸ್ಸಾಗಿದೆ, ನೀನು ಕೇಳಿದ್ದಕ್ಕೆ ಏನೋ ಕಟ್ಟಿ ಹೇಳಿದೆ. ಈಗ ಯಾಕೆ ಅದೆಲ್ಲ" ಅಂದರು. ಅವರು ಹೇಳಿದ್ದೂ ಇರಬಹುದು. ಪುಸ್ತಕದಲ್ಲಾದರೆ ಕೊನೆಗೆ ಬರೆದವಳೇ ಬಂದು ಊಹೆ ಸರಿ ಅಂತ ಮುದ್ರೆ ಒತ್ತುತ್ತಾಳೆ. ನಮ್ಮನೆಗೆ ಹತ್ತನೇ ಅಧ್ಯಾಯ ಬರಲ್ಲ. ದನಿನ್ ಡಾಕ್ಟ್ರ ಮನೆ ಅರಸೀಕೆರೆಯಲ್ಲಿತ್ತು, ಲಾರಿ ನಿಂತಿದ್ದುದೂ ಅದೇ ರಸ್ತೆಯಲ್ಲಿ. ಆದರೆ ಊರು ಬಿಟ್ಟು ಎಲ್ಲಿಗೆ ಹೋಗೋದಿದ್ದರೂ ಅದೇ ರಸ್ತೆ.

ಹೊರಡೋ ದಿನ ಬೆಳಿಗ್ಗೆ ಅಪ್ಪ ಬಸ್ ಸ್ಟಾಪಿನ ತನಕ ಬಂದರು. ಬಸ್ಸು ತಡ ಇತ್ತು. ಹೇಳಿದೆ. ಕೊಟ್ಟಿಗೆ ಅಜ್ಜಿ ಹೇಳಿದ್ದನ್ನ ಅವಳ ಮಾತಲ್ಲೇ ಹೇಳಿದೆ, ನನ್ನದೇನೂ ಸೇರಿಸದೆ. ಅಪ್ಪ ರಸ್ತೆ ನೋಡ್ತಾನೇ ಇದ್ದರು. ಕೇಳಿಸಿಕೊಂಡರೋ ಇಲ್ಲವೋ ಅನ್ನಿಸಿತು. ಬಸ್ಸು ತಿರುವಿನಲ್ಲಿ ಕಾಣಿಸಿತು. ನನ್ನ ಬ್ಯಾಗು ಎತ್ತಿಕೊಡ್ತಾ ಕೇಳಿದರು.

"ಯಾವ ಹಸ?"

ನನಗೆ ಗೊತ್ತಿರಲಿಲ್ಲ. ಅದನ್ನ ನಾನು ಕೇಳಿರಲಿಲ್ಲ.

"ಅಜ್ಜಿಗೆ ಗೊತ್ತಿರುತ್ತೆ" ಅಂದೆ.

ಅಪ್ಪ ಅವಳ ಹೆಸರು ಹೇಳಿದರು. ಆ ಹೆಸರು ನಾನು ಕೇಳಿದ್ದು ಅದೇ ಮೊದಲು. "ಕೇಳ್ತೀನಿ" ಅಂದರು. ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದೆ. ಅಪ್ಪ ಮನೆಯ ಮುಂಬಾಗಿಲ ದಾರಿ ಬಿಟ್ಟು ತೋಟದ ಕಡೆಯ ಕಾಲುದಾರಿ ಹಿಡಿದಿದ್ದರು. ಅದು ಕೊಟ್ಟಿಗೆ ಹಿಂಭಾಗಕ್ಕೆ ಹೋಗುತ್ತೆ.